ಪುಟ್ಟಮಾದಯ್ಯನವರ ಹಿನ್ನಡೆ

ಮನುಷ್ಯನಿಗೆ ಬಂದ ಹಿನ್ನಡೆಯನ್ನು ಟೇಪು ಹಿಡಿದು ಮೀಟರಿನಲ್ಲಿ ಅಳೆಯಬಹುದು ಎಂಬ ಸಂಗತಿ ಗುಂಡ್ಲುಪೇಟೆಯ ಪುಟ್ಟಮಾದಯ್ಯನವರಿಗೆ ಅರವತ್ತೆಂಟು ವರ್ಷ ತುಂಬುವವರೆಗೂ ತಿಳಿದಿರಲಿಲ್ಲ. ಅವರು ಬಂಡೀಪುರದ ಕಾಡಿನ ಗೇಟಿನಲ್ಲಿ ಮೂವತ್ತೊಂದು ವರ್ಷ ಕಾವಲಿಗಿದ್ದವರು. ತೆಗೆ ಎಂದಾಗ ಗೇಟು ತೆಗೆಯುವುದು, ಹಾಕು ಎಂದಾಗ ಹಾಕುವುದು, ಸರ್ಕಾರದ ನಿಯಮಗಳು ಇವೆರಡೇ ಎಂದು ನಂಬಿ, ಆ ನಂಬಿಕೆಗೆ ಭಂಗ ಬರುವ ಮೊದಲೇ ನಿವೃತ್ತರಾಗಿದ್ದರು.

ಹೆಂಡತಿ ಸುಂದ್ರಮ್ಮ ತೀರಿಕೊಂಡು ಎಂಟು ತಿಂಗಳಾಗಿತ್ತು. ಮನೆಯ ಮುಂದೆ ಒಂದು ಕರಿಕಲ್ಲಿನ ಹಾಸು. ಮದುವೆಯಾದ ಹೊಸದರಲ್ಲಿ ಆಕೆಯೇ ತವರೂರಾದ ಉಮ್ಮತ್ತೂರಿನಿಂದ ಲಾರಿಯಲ್ಲಿ ಹಾಕಿಸಿಕೊಂಡು ತಂದದ್ದು. ದಿನವೂ ಸಂಜೆ ಅದರ ಮೇಲೆ ಕೂತು ಹೂ ಕಟ್ಟುತ್ತಿದ್ದಳು. ಮೊದಲ ಮೊಳ ಮಾದಪ್ಪನ ಪಟಕ್ಕೆ, ಎರಡನೆಯದು ಬೀದಿಯಲ್ಲಿ ಮೊದಲು ಹಾದುಹೋಗುವ ಹೆಣ್ಣುಮಗಳಿಗೆ, ಉಳಿದರೆ ತನ್ನ ತುರುಬಿಗೆ. ಆಕೆ ಹೋದ ಮೇಲೆ ಆ ಕಲ್ಲು ಮಳೆಯಲ್ಲಿ ನೆನೆಯುವುದನ್ನು ಪುಟ್ಟಮಾದಯ್ಯ ನೋಡಲಾರದೆ ಹೋದರು. ನಾಲ್ಕು ಕಬ್ಬಿಣದ ಪೈಪು ನಿಲ್ಲಿಸಿ ಮೇಲೆ ಜಿಂಕ್ ಶೀಟು ಹೊದಿಸಿದರು.

"ಮಾದಣ್ಣ, ಕಲ್ಲಿಗೇನು ನೆಗಡಿ ಬತ್ತದಾ?" ಎಂದು ಪಕ್ಕದ ಮನೆಯ ಚಿಕ್ಕಮಲ್ಲಮ್ಮ ಕೇಳಿದಳು. ಅವಳು ಸುಂದ್ರಮ್ಮನ ಜೊತೆ ಮೂವತ್ತು ವರ್ಷ ಆ ಕಲ್ಲಿನ ಮೇಲೆ ಕೂತವಳು, ಆದ್ದರಿಂದ ಕೇಳುವ ಹಕ್ಕಿತ್ತು.

ಶೀಟು ಹಾಕಿದ ಮೂರನೆಯ ವಾರ ಇಬ್ಬರು ಬಂದು ಟೇಪು ಹಿಡಿದು ಏನೇನೋ ಅಳೆದು ಬರೆದುಕೊಂಡರು. ಕೇಬಲ್ಲಿನವರಿರಬೇಕು ಎಂದುಕೊಂಡು ಪುಟ್ಟಮಾದಯ್ಯ ಅವರಿಗೆ ಮಜ್ಜಿಗೆ ಕೊಟ್ಟರು. ಅವರು ಕುಡಿದು, ಚೆನ್ನಾಗಿದೆ ಎಂದು ಹೇಳಿ ಹೋದರು. ಮುಂದಿನ ವಾರ ಚಾಮರಾಜನಗರದ ಒಂದು ಕಚೇರಿಯಿಂದ ರಿಜಿಸ್ಟರ್ ಅಂಚೆಯಲ್ಲಿ ನೋಟೀಸು ಬಂತು. ಕಚೇರಿಯ ಹೆಸರು ಎಷ್ಟು ಉದ್ದವಿತ್ತೆಂದರೆ ಕೊನೆಗೆ ಬರುವ ಹೊತ್ತಿಗೆ ಮೊದಲು ಓದಿದ್ದು ಮರೆತುಹೋಗುತ್ತಿತ್ತು. ನಡುವೆ 'ಯೋಜನೆ' ಎಂಬ ಒಂದು ಮಾತು ಮಾತ್ರ ನೆನಪಿನಲ್ಲಿ ಉಳಿಯಿತು. ನೋಟೀಸಿನಲ್ಲಿ ಹೀಗಿತ್ತು:

'ತಮ್ಮ ಮುಂಭಾಗದ ಹಿನ್ನಡೆ ಕನಿಷ್ಠ 3.00 ಮೀ. ಇರತಕ್ಕದ್ದು. ಸ್ಥಳ ಪರಿಶೀಲನೆಯಲ್ಲಿ 1.20 ಮೀ. ಮಾತ್ರ ಕಂಡುಬಂದಿದೆ. ಬಲ ಪಾರ್ಶ್ವದ ಹಿನ್ನಡೆ 0.75 ಮೀ. ಇದ್ದು ಆಕ್ಷೇಪಣೆ ಇರುವುದಿಲ್ಲ. ಮುಂಭಾಗದಲ್ಲಿ ಕೊರತೆಯಿರುವ ಹಿನ್ನಡೆಯನ್ನು ಹದಿನೈದು ದಿನಗಳೊಳಗೆ ಸರಿಪಡಿಸಿಕೊಂಡು ವರದಿ ಮಾಡತಕ್ಕದ್ದು. ತಪ್ಪಿದಲ್ಲಿ ಮುಂಭಾಗದಲ್ಲಿರುವುದೆಲ್ಲವನ್ನೂ ತೆರವುಗೊಳಿಸಲಾಗುವುದು.'

ಇದರಲ್ಲಿ ಪುಟ್ಟಮಾದಯ್ಯನವರಿಗೆ ಅರ್ಥವಾದದ್ದು ಕೊನೆಯ ವಾಕ್ಯ ಒಂದೇ. ಸುಂದ್ರಮ್ಮನ ಕಲ್ಲನ್ನು ಕಿತ್ತುಕೊಂಡು ಹೋಗುತ್ತಾರೆ. ಉಳಿದದ್ದು ತಿಳಿಯದೆ ಅವರು ಕಾಗದವನ್ನು ಮೊದಲು ಮಾದಪ್ಪನ ಪಟದ ಮುಂದೆ ಇಟ್ಟರು. ಅಲ್ಲಿಂದ ಉತ್ತರ ಬರುವುದು ತಡವಾಗಬಹುದೆಂದು ತೋರಿ, ಬಸ್ ನಿಲ್ದಾಣದ ಹತ್ತಿರದ ಕನಕರಾಜುವಿನ ಜೆರಾಕ್ಸ್ ಅಂಗಡಿಗೆ ತೆಗೆದುಕೊಂಡು ಹೋದರು.

ಕನಕರಾಜು ಇಪ್ಪತ್ತು ವರ್ಷದಿಂದ ಊರಿನವರ ಕಾಗದಗಳನ್ನು ಜೆರಾಕ್ಸ್ ಮಾಡುತ್ತ ಬಂದವನು. ಮಾಡುವಾಗ ಕಣ್ಣಿಗೆ ಬಿದ್ದದ್ದನ್ನೆಲ್ಲ ಓದಿದವನು. ಹೀಗೆ ಎಲ್ಲ ಕಾನೂನಿನ ಒಂದೊಂದು ಪುಟ ಅವನಿಗೆ ಗೊತ್ತಿತ್ತು.

ಅವನು ಮೊದಲು ನೋಟೀಸಿನ ಜೊತೆ ಲಗತ್ತಿಸಿದ್ದ 'ಪದಗಳ ವ್ಯಾಖ್ಯೆ' ಎಂಬ ಹನ್ನೊಂದು ಪುಟಗಳನ್ನು ತಿರುವಿದ. ವಲಯ ನಿಯಮಗಳಲ್ಲಿ ಬರುವ ಪ್ರತಿಯೊಂದು ಮಾತಿಗೂ ಅಕ್ಷರ ಕ್ರಮದಲ್ಲಿ ಅರ್ಥ ಕೊಟ್ಟಿತ್ತು. 'ಮಲಗುವ ಕೋಣೆ ಎಂದರೆ ಮಲಗುವ ಉದ್ದೇಶಕ್ಕಾಗಿ ಉಪಯೋಗಿಸುವ ಕೋಣೆ.' 'ರಸ್ತೆ ಎಂದರೆ ಜನರು ಸಂಚರಿಸುವ ಯಾವುದೇ ದಾರಿ, ಅದರಲ್ಲಿ ಸಂಚರಿಸಲು ಸಾಧ್ಯವಿರಲಿ ಇಲ್ಲದಿರಲಿ.' ಮೆಟ್ಟಿಲು ಎಂದರೇನು ಎಂಬುದಕ್ಕೆ ಅರ್ಧ ಪುಟ ಬರೆದಿತ್ತು. ಹುಟ್ಟಿದಾಗಿನಿಂದ ಮೆಟ್ಟಿಲು ಹತ್ತಿ ಇಳಿದ ಪುಟ್ಟಮಾದಯ್ಯನವರಿಗೂ ಅದನ್ನು ಕೇಳಿದ ಮೇಲೆ ಮೆಟ್ಟಿಲಿನ ಬಗ್ಗೆ ಅನುಮಾನ ಹುಟ್ಟಿತು. ಕೊನೆಯ ಪುಟ 'ಸಜ್ಜಾ' ಎಂಬಲ್ಲಿ ನಿಂತಿತ್ತು. 'ಹ' ಬಂದೇ ಇರಲಿಲ್ಲ.

"ಹಿನ್ನಡೆ ಕಾಣಾಕಿಲ್ಲವಲ್ಲೋ," ಎಂದರು ಪುಟ್ಟಮಾದಯ್ಯ.

"ಅದು ಎಲ್ಲಾರ್ಗೂ ಗೊತ್ತಿರ ಪದ ಮಾದಯ್ನೋರೆ, ಅದುಕ್ಕೆ ಕೊಟ್ಟಿಲ್ಲ. ಈಗ ನೋಡಿ, ಕಾಗದ ಬಂದಿರೋದು ಎಲ್ಲಿಂದ? ಯೋಜನೆ ಆಪೀಸಿಂದ. ಯೋಜನೆ ಅಂದ್ರೇನು?"

"ಏನು?"

"ಅಕ್ಕಿ ಯೋಜನೆ, ಬಸ್ ಯೋಜನೆ, ಕರೆಂಟ್ ಯೋಜನೆ. ಈಗ ಹಿನ್ನಡೆ ಯೋಜನೆ ಬಂದದೆ. ಬಾಳಲ್ಲಿ ಹಿನ್ನಡೆ ಆದೋರ್ನ ಸರ್ಕಾರ ಪತ್ತೆ ಮಾಡ್ತಾ ಅದೆ."

"ಪತ್ತೆ ಮಾಡ್ಲಿ ಬುಡು. ಮನೆ ಮುಂದೆ ಇರದೆಲ್ಲ ಕಿತ್ತಾಕ್ತೀವಿ ಅಂತ ಯಾಕೆ ಬರೆದವ್ರೆ?"

"ಮೂರು ಹಿನ್ನಡೆ ಇಲ್ದೋರ್ಗೆ ಅದು. ಅನುಕಂಪದ ಆಧಾರದ ಮೇಲೆ ಕೆಲ್ಸ ಕೊಡಾಕಿಲ್ವಾ? ಅಂಗೇ ಅನುಕಂಪದ ಆಧಾರದ ಮೇಲೆ ಜಗಲಿ. ಮೂರು ತೋರಿಸ್ಬುಟ್ರೆ ಕಲ್ಲು ನಿಮ್ದೇ."

"ಈ 'ಮೀ' ಅಂದ್ರೆ?"

"ಮೀಸಲಾತಿ," ಎಂದ ಕನಕರಾಜು, ಕಣ್ಣು ಮಿಟುಕಿಸದೆ.

ಇಬ್ಬರೂ ಕೂತು 1.20ರ ಅರ್ಥ ಹುಡುಕಿದರು. ಒಂದು ಎಂದರೆ ಸುಂದ್ರಮ್ಮ ಹೋದದ್ದು, ಅದರಲ್ಲಿ ಸಂಶಯವಿರಲಿಲ್ಲ. ಮಿಕ್ಕ ಪಾಯಿಂಟ್ ಎರಡು ಯಾವುದು? ಬಹಳ ಹೊತ್ತು ಯೋಚಿಸಿ ಪುಟ್ಟಮಾದಯ್ಯ, ಹೋದ ವರ್ಷ ಮಾದಪ್ಪನ ಬೆಟ್ಟದಲ್ಲಿ ದರ್ಶನ ಮುಗಿಸಿ ಬರುವಷ್ಟರಲ್ಲಿ ಹೊಸ ಚಪ್ಪಲಿ ಕಳೆದುಹೋಗಿದ್ದನ್ನು ಹೇಳಿದರು.

"ಅದೇಯ. ಚಪ್ಪಲಿ ಪಾಯಿಂಟ್ ಎರಡು."

"ಅದುನ್ನ ಸರ್ಕಾರಕ್ಕೆ ಯಾರು ಹೇಳುದ್ರು?"

"ಎಲ್ಲಾ ಆಧಾರ್‌ಗೆ ಲಿಂಕ್ ಆಗದಲ್ಲಾ!"

ಚಪ್ಪಲಿಯ ಲೆಕ್ಕ ಸರಿ ಎನಿಸಿತು. ಆದರೆ ಸುಂದ್ರಮ್ಮನನ್ನು ಬರೀ ಒಂದು ಎಂದು ಬರೆದುಕೊಂಡರಲ್ಲ ಎಂದು ಪುಟ್ಟಮಾದಯ್ಯನವರಿಗೆ ದಾರಿಯುದ್ದಕ್ಕೂ ಬೇಸರವಾಯಿತು.

ಮನೆಗೆ ಬಂದರೆ ಚಿಕ್ಕಮಲ್ಲಮ್ಮ ಕಲ್ಲಿನ ಮೇಲೆ ಕೂತಿದ್ದಳು. ಕಾಗದ ಕಸಿದುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಓದುತ್ತ ಬಂದವಳು 'ಬಲ ಪಾರ್ಶ್ವ' ಎಂಬಲ್ಲಿ ನಿಂತು ಎದೆ ಮುಟ್ಟಿಕೊಂಡಳು.

"ಅಯ್ಯೋ ಮಾದಪ್ಪ! ನಿಂಗೆ ಪಾರ್ಶ್ವ ಒಡೆದದಾ ಮಾದಣ್ಣ?"

"ನಂಗೇನೂ ಒಡೆದಿಲ್ಲ ಕಣವ್ವ."

"ಸರ್ಕಾರ ಬಲಗಡೆ ಮುಕ್ಕಾಲು ಒಡೆದದೆ ಅಂತ ಬರೆದದೆ, ನೀನು ಇಲ್ಲ ಅಂತೀಯಲ್ಲ! ಎತ್ತು ಬಲಗೈಯ."

ಪುಟ್ಟಮಾದಯ್ಯ ಎತ್ತಿದರು.

"ಪೂರಾ ಎತ್ತು."

ಪೂರಾ ಎತ್ತಿದರು.

"ನೋಡು, ನಡುಗ್ತಾ ಅದೆ. ಆವತ್ತು ಟೇಪು ಇಡ್ಕೊಂಡು ಬಂದಿದ್ರಲ್ಲ, ಡಾಕ್ಟ್ರು ಕಣಣ್ಣ ಅವರು! ಆಕ್ಷೇಪಣೆ ಇಲ್ಲ ಅಂತಲೂ ಬರೆದವ್ರಲ್ಲ, ಆಳಾಗ್ ಓಗೋರು! ಮನುಷನಿಗೆ ಪಾರ್ಶ್ವ ಒಡೆದ್ರೆ ಇವರ ಆಕ್ಷೇಪಣೆ ಯಾಕೆ ಬೇಕು?"

ಆ ಹೊತ್ತಿನಿಂದ ಪುಟ್ಟಮಾದಯ್ಯನವರ ಬಲಗಾಲು ನೆಲಕ್ಕೆ ಸ್ವಲ್ಪ ಎಳೆಯತೊಡಗಿತು. ಸುದ್ದಿ ಮಾತ್ರ ಚೆನ್ನಾಗಿ ನಡೆಯಿತು. ಬೀದಿ ದಾಟುವಾಗ ಕೈ ನಡುಗುತ್ತಿದೆ ಎಂದಿದ್ದದ್ದು, ಮಾರುಕಟ್ಟೆಯಲ್ಲಿ ಕೈ ಬಿದ್ದುಹೋಗಿದೆ ಎಂದಾಗಿ, ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಉಮ್ಮತ್ತೂರು ತಲುಪುವ ವೇಳೆಗೆ ಮಾತು ನಿಂತಿದೆ ಎಂದಾಗಿತ್ತು. ಸುಂದ್ರಮ್ಮನ ತಮ್ಮ ನಿಂಗರಾಜು ಎರಡು ಬಸ್ಸು ಬದಲಾಯಿಸಿ, ನಾಟಿ ವೈದ್ಯರ ಎಣ್ಣೆ ಸೀಸೆ ಹಿಡಿದು, ಅಳುತ್ತಲೇ ಬಂದ. ಬಾಗಿಲು ತೆರೆದವರು ಸ್ವತಃ ಪುಟ್ಟಮಾದಯ್ಯ.

"ಏನ್ಲಾ ನಿಂಗ, ಇಷ್ಟೊತ್ನಲ್ಲಿ..."

"ಮಾತಾಡ್‌ಬ್ಯಾಡ ಭಾವ! ಇರೋ ಮಾತು ಖರ್ಚು ಮಾಡ್‌ಬ್ಯಾಡ!"

ಒಂದು ಗಂಟೆಯ ಕಾಲ ಪುಟ್ಟಮಾದಯ್ಯನವರಿಗೆ ಬಾಯಿ ತೆರೆಯಲು ಅವಕಾಶ ಸಿಗಲಿಲ್ಲ. ಭಾಮೈದ ಬಲಗಡೆಗೆಲ್ಲ ಎಣ್ಣೆ ಹಚ್ಚಿ ತಿಕ್ಕಿದ. ಬಲಗಡೆ ನಿಜವಾಗಿಯೂ ನೋಯತೊಡಗಿತು. ಇದರಿಂದ ರೋಗ ಇರುವುದು ಖಚಿತವಾಯಿತು.

ಸಂಜೆ ಅರ್ಜಿ ಬರೆಯಲು ಎಲ್ಲರೂ ಕಲ್ಲಿನ ಸುತ್ತ ಸೇರಿದರು. ಕನಕರಾಜು ಪೆನ್ನು ಹಿಡಿದ. ಪುಟ್ಟಮಾದಯ್ಯ ಮೊದಲೇ ಷರತ್ತು ಹಾಕಿದರು. "ಮಾದಪ್ಪನ ಮುಂದೆ ಇಟ್ಟು ಕಳಿಸೋ ಕಾಗದ. ಸುಳ್ಳು ಬರೀಕೂಡ್ದು."

"ನಿಮ್ಗೆ ಪ್ರಮೋಷನ್ ತಪ್ಪಿತ್ತಲ್ಲ, ಅದು ಆಕನಾ?"

"ಸಾಹೇಬ್ರ ನೆಂಟನ ಕಾರಿಗೆ ಗೇಟು ತೆಗೀನಿಲ್ಲ ಅಂತ ತಪ್ಪಿದ್ದು. ಅವತ್ತು ನಾನೂ ಸುಂದ್ರಿಯೂ ಒಬ್ಬಟ್ಟು ಮಾಡ್ಕೊಂಡು ತಿಂದೊ. ಅದು ಹಿನ್ನಡೆ ಎಂಗಾಯ್ತದೆ? ಒಡೆದಾಕು."

"ಆನೆ ಅಟ್ಟಿಸ್ಕೊಂಡು ಬಂದಿತ್ತಲ್ಲ ಭಾವ," ಎಂದ ನಿಂಗರಾಜು. "ನೀನು ಹಿಂದಕ್ಕೇ ಬಂದ್ಯಲ್ಲ. ಅದಕ್ಕಿಂತ ಹಿನ್ನಡೆ ಬ್ಯಾರೆ ಬೇಕಾ?"

ಕನಕರಾಜು ಪೆನ್ನು ಎತ್ತಿ ಕೇಳಿದ. "ನಡೆದ್ರಾ, ಓಡುದ್ರಾ?"

"ಓಡ್ದೆ ಕಣಪ್ಪ. ಆನೆ ಮುಂದೆ ಯಾರು ನಡೆದಾರು?"

"ಓಡುದ್ರೆ ಬರಾಕಿಲ್ಲ. ಅದು ಹಿನ್ನೋಟ ಆಯ್ತದೆ."

"ಅಂಗಾದ್ರೆ ನನ್ನವು ತಗೊ ಭಾವ," ಎಂದು ನಿಂಗರಾಜು ಉದಾರಿಯಾದ. "ಕಾಡಂದಿ ನುಗ್ಗಿ ಅರಿಸಿನ ಹಾಳಾದ್ದು ಒಂದು. ದೊಡ್ಡ ಹಸ ಕಟ್ಟು ಬಿಡಿಸ್ಕೊಂಡು ಓಗಿದ್ದು ಒಂದು. ನಂಗೆ ಯಾಕೆ ಅಷ್ಟೊಂದು? ಒಂದೂವರೆ ನಿನ್ನ ಹೆಸ್ರಿಗೆ ಬರೆದ್ಬುಡ್ತೀನಿ."

"ರಕ್ತಸಂಬಂಧಕ್ಕೆ ಮಾತ್ರ ವರ್ಗಾವಣೆ ಆಯ್ತದೆ. ಭಾಮೈದ ರಕ್ತಸಂಬಂಧ ಅಲ್ಲ," ಎಂದು ಕನಕರಾಜು ತೀರ್ಪು ಕೊಟ್ಟ. ನಿಂಗರಾಜುವಿಗೆ ಇದು ಅವಮಾನವಾಗಿ, ಎಣ್ಣೆ ಸೀಸೆಯನ್ನು ಎತ್ತಿ ತನ್ನ ಚೀಲದಲ್ಲಿ ಇಟ್ಟುಕೊಂಡ. ಚಿಕ್ಕಮಲ್ಲಮ್ಮ ತನ್ನ ಸೊಸೆಯೇ ಮೂರು ಹಿನ್ನಡೆಗೆ ಸಮ, ತನಗೂ ಒಂದು ಅರ್ಜಿ ಬರೆಯಬೇಕು ಎಂದಳು. ಇದನ್ನು ಕೇಳಿ ಬೀದಿಯಲ್ಲಿ ನಿಂತವರಲ್ಲಿ ಏಳೆಂಟು ಜನ ತಮಗೂ ಬೇಕೆಂದು ಕೈ ಎತ್ತಿದರು. ಒಬ್ಬನ ಹಿನ್ನಡೆ ದೊಡ್ಡದೋ ಇನ್ನೊಬ್ಬನದು ದೊಡ್ಡದೋ ಎಂದು ಜಗಳ ಹತ್ತಿ, ಇಬ್ಬರು ಶರ್ಟು ಹಿಡಿದುಕೊಂಡರು.

ಆ ಗದ್ದಲದಲ್ಲಿ ಪುಟ್ಟಮಾದಯ್ಯ ಕನಕರಾಜುವಿಗೆ ಮೆಲ್ಲಗೆ ಹೇಳಿ ಬರೆಸಿದರು.

"ಒಂದು, ಸುಂದ್ರಮ್ಮ ಓಗಿದ್ದು. ಎರಡು, ಸಂಜೆ ಹೂ ಕಟ್ಟೋರು ಇಲ್ದೆ ಇರೋದು. ಮೂರು, ನಾನು ಮರೆತು ಎರಡು ಲೋಟ ಕಾಪಿ ಮಾಡ್ಬುಡೋದು."

"ಮೂರೂ ಒಂದೇ ಅಲ್ವಾ ಮಾದಯ್ನೋರೆ?"

"ನಂಗೆ ಬ್ಯಾರೆ ಬ್ಯಾರೆ ಆಗವೆ ಕಣಪ್ಪ. ಬರಿ."

ಹದಿಮೂರನೆಯ ದಿನ ಮೂವರೂ ಚಾಮರಾಜನಗರದ ಬಸ್ಸು ಹತ್ತಿದರು. ನಿಂಗರಾಜು ಕೋಪ ಬಿಟ್ಟು ಭಾವನ ಬಲಗಡೆಗೆ ಆನಿಕೆಯಾಗಿ ನಿಂತಿದ್ದ. ಕನಕರಾಜುವಿನ ಕಂಕುಳಲ್ಲಿ ಊರಿನವರ ಹದಿನೆಂಟು ಅರ್ಜಿಗಳಿದ್ದವು. ಕಚೇರಿಯಲ್ಲಿ ಬಿಂದುಶ್ರೀ ಎಂಬ ಗುಮಾಸ್ತೆ ನೋಟೀಸಿನ ನಂಬರು ನೋಡಿ ಕಡತ ತೆಗೆದಳು. ಒಳ್ಳೆಯ ಹೆಣ್ಣುಮಗಳು. ಆದರೆ ಕೇಳುವುದನ್ನು ಚುಟುಕಾಗಿ ಕೇಳುತ್ತಿದ್ದಳು.

"ಮುಂದೆ ಎಷ್ಟು ಬಿಟ್ಟಿದ್ದೀರಿ ಯಜಮಾನ್ರೇ?"

ಪುಟ್ಟಮಾದಯ್ಯ ಯೋಚಿಸಿದರು. "ಮುಂದೆ ಕಾಪಿಗೆ ಸಕ್ಕರೆ ಬುಡಬೇಕು ಅಂತ ಅದೆ ತಾಯಿ."

"ಅಲ್ಲ, ಹಿಂದೆ ಎಷ್ಟು ಬಿಟ್ಟಿದ್ದೀರಿ?"

"ಹಿಂದೆ ಬೀಡಿ ಬುಟ್ಟೆ. ಎಲೆಯಡಿಕೆನೂ ಬುಟ್ಟಿದ್ದೆ, ಆಮ್ಯಾಲೆ ಇಡ್ಕಂಡೆ."

ಬಿಂದುಶ್ರೀ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. "ಅಕ್ಕಪಕ್ಕ?"

"ಅಕ್ಕಪಕ್ಕದೋರು ಏನೂ ಬುಡಾಕಿಲ್ಲ ಅವ್ವ. ಅವರ ಅರ್ಜಿನೂ ತಂದಿದೀವಿ."

ಕನಕರಾಜು ಹದಿನೆಂಟು ಅರ್ಜಿಗಳನ್ನು ಮೇಜಿನ ಮೇಲೆ ಇಟ್ಟ. ನಿಂಗರಾಜು, "ಮೇಡಂ, ಮೊದ್ಲು ಇವರ ಪಾರ್ಶ್ವದ್ದು ನೋಡಿ. ಮುಕ್ಕಾಲು ಬಿದ್ದದೆ," ಎಂದು ಭಾವನ ಬಲಗೈ ಎತ್ತಿ ತೋರಿಸಿದ.

"ಯಾವ ಗೋಡೆ ಬಿತ್ತು?" ಎಂದು ಬಿಂದುಶ್ರೀ ಗಾಬರಿಯಾದಳು.

ಕೊನೆಗೆ ಅವಳು ಪುಟ್ಟಮಾದಯ್ಯನವರ ಅರ್ಜಿಯನ್ನು ಎಳೆದುಕೊಂಡು ಓದಿದಳು. ಒಂದು ಓದಿದಳು, ಎರಡು ಓದಿದಳು. ಮೂರನೆಯದಕ್ಕೆ ಬಂದಾಗ ಓದುವುದನ್ನು ನಿಲ್ಲಿಸಿ, ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಎದ್ದು ಒಳಗೆ ಹೋದಳು. ಕನಕರಾಜು ಪುಟ್ಟಮಾದಯ್ಯನವರ ಪಕ್ಕೆ ತಿವಿದು, "ಮಂಜೂರಾಯ್ತು," ಎಂದ.

ಒಳಗಿನಿಂದ ಅಧಿಕಾರಿ ಸುನೀಲ್ ಕುಮಾರ್ ತಾನೇ ಹೊರಗೆ ಬಂದ. ಮೂವತ್ತು ದಾಟದ ವಯಸ್ಸು. ಕೈಯಲ್ಲಿ ಒಂದು ಹಾಳೆ, ಅದರ ಮೇಲೆ ಸಾರಿನ ಗುಂಡಗಿನ ಕಲೆ. ಎರಡು ವಾರದಿಂದ ಟಿಫನ್ ಕ್ಯಾರಿಯರಿನ ಅಡಿಯಲ್ಲಿದ್ದ 'ಹ' ಪುಟ ಅದು.

"ಕೂತ್ಕೊಳ್ಳಿ ತಾತ. ಹಿನ್ನಡೆ ಅಂದರೆ ಕಷ್ಟ ಅಲ್ಲ. ಕಟ್ಟಡಕ್ಕೂ ನಿವೇಶನದ ಗಡಿಗೂ ಮಧ್ಯೆ ಖಾಲಿ ಬಿಡ್ತಾರಲ್ಲ, ಆ ಜಾಗ. ಸೆಟ್‌ಬ್ಯಾಕು."

"ಸೆಟ್‌ಬ್ಯಾಕಾ!" ಮೂವರೂ ಒಟ್ಟಿಗೆ ಕೂಗಿದರು.

"ಅಂಗಂತ ಕನ್ನಡದಲ್ಲಿ ಬರೀಬಾರ್ದಾ ಸ್ವಾಮಿ?" ಎಂದರು ಪುಟ್ಟಮಾದಯ್ಯ. "ಸೆಟ್‌ಬ್ಯಾಕ್ ಅಂದಿದ್ರೆ ನಮ್ಮ ಚಿಕ್ಕಮಲ್ಲವ್ವನಿಗೂ ತಿಳೀತಿತ್ತು."

"ಎಲ್ಲ ಮಾತೂ ಕನ್ನಡದಲ್ಲೇ ಇರಬೇಕು ಅಂತ ತೀರ್ಮಾನ ಆಯ್ತು ತಾತ. ಕಂಪ್ಯೂಟರಿಗೆ ಹಾಕಿದೆವು. ಅದು ಹಿನ್ನಡೆ ಅಂತು."

"ಅಂಗಾರೆ ಪಾರ್ಶ್ವ?"

"ಮನೆಯ ಬಲಗಡೆ ಸಂದಿ. ಮುಕ್ಕಾಲು ಮೀಟರ್."

ನಿಂಗರಾಜು ಇದುವರೆಗೂ ಹಿಡಿದಿದ್ದ ಭಾವನ ಬಲಗೈಯನ್ನು ಮೆಲ್ಲಗೆ ಕೆಳಗೆ ಇಟ್ಟ. ಕನಕರಾಜು ಹದಿನೆಂಟು ಅರ್ಜಿಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬತೊಡಗಿದ.

ಪುಟ್ಟಮಾದಯ್ಯನವರಿಗೆ ಇವೆಲ್ಲ ಈಗ ಬೇಕಿರಲಿಲ್ಲ. "ಕಲ್ಲು?" ಎಂದು ಕೇಳಿದರು. "ಕಲ್ಲ ಏನು ಮಾಡ್ತೀರಿ ಸ್ವಾಮಿ?"

ಸುನೀಲ್ ಕುಮಾರ್ ಕಡತದಲ್ಲಿದ್ದ ಫೋಟೋ ನೋಡಿದ. "ಕೂರೋ ಕಲ್ಲಿಗೆ ನಮ್ಮ ತಕರಾರಿಲ್ಲ. ತಕರಾರು ಈ ಶೀಟಿಂದು. ಚಾವಣಿ ಹಾಕಿದ ಕೂಡಲೇ ನಿಯಮದ ಪ್ರಕಾರ ಅದು ಕಟ್ಟಡ. ಹುಡುಗರು ರಸ್ತೆಯಿಂದ ಪೈಪಿನವರೆಗೆ ಅಳೆದಿದ್ದಾರೆ, ಒಂದು ಇಪ್ಪತ್ತು ಬಂದಿದೆ. ಶೀಟು, ಪೈಪು ತೆಗೆದುಬಿಡಿ, ಗೋಡೆಯವರೆಗೆ ಅಳೀತೀವಿ. ಸರಿಹೋಗುತ್ತೆ." ಆಮೇಲೆ 'ಹ' ಪುಟದ ಕೊನೆಯ ಸಾಲನ್ನು ಬೆರಳಿಟ್ಟು ಓದಿದ. "'ಸದರಿ ಜಾಗವು ನೆಲದಿಂದ ಆಕಾಶದವರೆಗೆ ಯಾವುದೇ ಅಡ್ಡಿಯಿಲ್ಲದೆ ತೆರೆದಿರತಕ್ಕದ್ದು.'"

"ಇನ್ನೊಂದ್ಸಲ ಓದಿ ಸ್ವಾಮಿ," ಎಂದರು ಪುಟ್ಟಮಾದಯ್ಯ.

ಅವನು ಮತ್ತೆ ಓದಿದ.

"ಆಕಾಸದವರೆಗೂ," ಎಂದು ತಾವೂ ಒಮ್ಮೆ ಹೇಳಿಕೊಂಡು, ಪುಟ್ಟಮಾದಯ್ಯ ಕೈ ಮುಗಿದು ಎದ್ದರು. ಗುಂಡ್ಲುಪೇಟೆಯ ಬಸ್ಸು ಹೊರಡುವುದರಲ್ಲಿತ್ತು. ಅವರು ಮೆಟ್ಟಿಲನ್ನು, ಅದು ಮೆಟ್ಟಿಲು ಹೌದೋ ಅಲ್ಲವೋ ಎಂದು ನೋಡದೆ, ಎರಡೆರಡಾಗಿ ಇಳಿದು ಓಡಿದರು.

"ಭಾವ! ಕಾಲು!" ಎಂದು ನಿಂಗರಾಜು ಹಿಂದಿನಿಂದ ಕೂಗಿದ.

ಆ ಸಂಜೆಯೇ ಶೀಟು ಇಳಿಯಿತು. ಹದಿನೆಂಟು ಜನ ಬಂದು ತಮ್ಮ ಹಿನ್ನಡೆ ಏನಾಯಿತೆಂದು ಕೇಳಿದರು. ಕನಕರಾಜು ಅಂಗಡಿಗೆ ಬಾಗಿಲು ಹಾಕಿ ನಾಲ್ಕು ದಿನ ತೆರಕಣಾಂಬಿಯ ಮಾವನ ಮನೆಯಲ್ಲಿದ್ದ. ಚಿಕ್ಕಮಲ್ಲಮ್ಮ ಮಾತ್ರ ಪೈಪು ಕೀಳಲು ಬಂದು ಕೈ ಹಾಕಿದಳು. ಕೊನೆಯ ಪೈಪು ಬಂದಾಗ ಕಲ್ಲಿನ ಮೇಲೆ ಬಹಳ ದಿನದ ಮೇಲೆ ಬಿಸಿಲು ಬಿತ್ತು.

"ಸುಂದ್ರಿ ಇದ್ದಿದ್ರೆ ನೀನು ಶೀಟು ತಂದ ದಿನವೇ ಬಯ್ತಿದ್ದಳು," ಎಂದಳು. "ಬಿಸ್ಲು ಕಾಯಾಕೆ ಅಂತ್ಲೇ ಅಲ್ವಾ ಅವಳು ಇಲ್ಲಿ ಕೂರ್ತಾ ಇದ್ದುದ್ದು?"

ಆ ಇಬ್ಬರು ಮತ್ತೆ ಬಂದು ಟೇಪು ಹಿಡಿದರು. ಈ ಸಲ ಅವರು ಯಾರೆಂದು ಗೊತ್ತಿದ್ದರೂ ಪುಟ್ಟಮಾದಯ್ಯ ಮಜ್ಜಿಗೆ ಕೊಟ್ಟರು. ಹತ್ತು ದಿನ ಬಿಟ್ಟು ಅಂಚೆಯಲ್ಲಿ ಕಾಗದ ಬಂತು. ಮೊಹರು ಬಿದ್ದಿತ್ತು. ಪುಟ್ಟಮಾದಯ್ಯ ಅದನ್ನು ಕನಕರಾಜುವಿನ ಹತ್ತಿರ ಒಯ್ಯಲಿಲ್ಲ. ಕಲ್ಲಿನ ಮೇಲೆ ಒಂದು ಪಕ್ಕ ಕೂತು, ಇನ್ನೊಂದು ಪಕ್ಕವನ್ನು ಖಾಲಿ ಬಿಟ್ಟು, ತಾವೇ ಓದಿಕೊಂಡರು.

'ಶ್ರೀ ಪುಟ್ಟಮಾದಯ್ಯನವರ ಹಿನ್ನಡೆಯು ಸಾಕಷ್ಟು ಇರುವುದೆಂದು ಈ ಮೂಲಕ ದೃಢೀಕರಿಸಲಾಗಿದೆ. ಸದರಿಯವರಿಗೆ ಇನ್ನು ಹೆಚ್ಚಿನ ಹಿನ್ನಡೆಯ ಅಗತ್ಯವಿರುವುದಿಲ್ಲ.'

ಹಿನ್ನಡೆ ಎಂದರೇನೆಂದು ಈಗ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಪಕ್ಕದ ಖಾಲಿ ಜಾಗದ ಕಡೆ ತಿರುಗಿ ಹೇಳಿದರು.

"ಸಾಕಂತೆ ಕಣಮ್ಮಿ. ಸರ್ಕಾರವೇ ಬರೆದದೆ."

ಆಮೇಲೆ ಎದ್ದು ಒಳಗೆ ಹೋಗಿ, ಮರೆತು ಎರಡು ಲೋಟ ಕಾಫಿ ಮಾಡಿ, ಒಂದನ್ನು ಚಿಕ್ಕಮಲ್ಲಮ್ಮನಿಗೆ ಕೂಗಿ ಕೊಟ್ಟರು.